ಕನ್ನಡಕದಕ್ಕನಿಗೆ ಈಜು ಬಾರದೆ ಹೋದದ್ದು

ಮಕ್ಕಳ ತಾಯಿ ತನಗಾಗಿ ಒಂದು ಗುರಿ ಇಟ್ಟುಕೊಂಡರೆ ಅದನ್ನು ಮುಟ್ಟುವುದು ಬಲು ಕಷ್ಟ ಎಂದು ತಿಳಿದವರು ಹೇಳುತ್ತಾರೆ. ಕನ್ನಡಕದಕ್ಕನ ತೊಂದರೆ ಬೇರೆ. ಆಕೆ ಇಟ್ಟುಕೊಂಡ ಗುರಿಯನ್ನೆಲ್ಲ ಮುಟ್ಟಿಬಿಡುತ್ತಿದ್ದಳು. ಪಾಡು ಶುರುವಾಗುತ್ತಿದ್ದದ್ದು ಆಮೇಲೆ.

ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಯಲ್ಲಿ ಆಕೆಗೆ ಕೆಲಸ. ಲೆನ್ಸು ಉಜ್ಜುವ ಯಂತ್ರ ಒಳಕೋಣೆಯಲ್ಲಿತ್ತು. ಅದು ಯಜಮಾನರ ಸುಪರ್ದಿ. ಮುಂದಿನ ಮೇಜು ಇವಳದು. ಬಂದವರ ಮುಖಕ್ಕೆ ಒಪ್ಪುವ ಫ್ರೇಮು ಆರಿಸಿಕೊಡುವುದು, ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸುವುದು, ಕಿವಿಯ ಹಿಂದೆ ಬೆರಳಾಡಿಸಿ ಎಲ್ಲಿ ಒತ್ತುತ್ತದೆ ಎಂದು ನೋಡುವುದು. ಕನ್ನಡಕ ಓರೆಯಾಗಿ ಕೂತಿದೆ ಎಂದು ಯಾರಾದರೂ ದೂರಿದರೆ, "ಎರಡೂ ಕಿವಿ ಸಮ ಇರೋ ಮನುಷ್ಯ ಇನ್ನೂ ಹುಟ್ಟಿಲ್ಲ ಬಿಡಿ" ಎಂದು ನಕ್ಕು ಒಂದು ಕಡ್ಡಿಯನ್ನು ಕೂದಲೆಳೆಯಷ್ಟು ಇಳಿಸಿ ಕೊಡುತ್ತಿದ್ದಳು. ಆ ಬೀದಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಹಲ್ಲು ಬಿದ್ದ ಮುದುಕರಿಂದ ಹಾಲುಹಲ್ಲಿನ ಮಕ್ಕಳವರೆಗೆ ಎಲ್ಲರಿಗೂ ಆಕೆ ಕನ್ನಡಕದಕ್ಕ. ಆಕೆಯ ಮೂಗಿನ ಮೇಲೂ ದಪ್ಪ ಗಾಜಿನದೊಂದು ಇತ್ತು. ಅದನ್ನು ತೆಗೆದರೆ ಎದುರಿಗೆ ನಿಂತದ್ದು ಗಂಡನೋ ಬೀರುವೋ ತಿಳಿಯುತ್ತಿರಲಿಲ್ಲ.

ಗಂಡ ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಸಿಡುಕಿಲ್ಲ. ಇದ್ದದ್ದು ಒಂದೇ ಚಾಳಿ, ಗುರಿ. ಕಾರ್ಖಾನೆಯಲ್ಲಿ ದಿನಕ್ಕಿಷ್ಟು ಡಬ್ಬ ಎಂದು ಹಲಗೆಯ ಮೇಲೆ ಬರೆದು ಕೆಲಸ ತೆಗೆಸಿ ಅಭ್ಯಾಸವಾಗಿ, ಮನೆಗೆ ಬಂದ ಮೇಲೂ ಅದೇ ಕಣ್ಣಿನಿಂದ ಎಲ್ಲವನ್ನೂ ನೋಡುತ್ತಿದ್ದ. ಎರಡನೇ ತರಗತಿಯ ಮಗ ಊಟಕ್ಕೆ ತಡಮಾಡಿದರೂ "ನಿನ್ನ ಗುರಿ ಏನಪ್ಪ ಈಗ?" ಎಂದು ಕೇಳುತ್ತಿದ್ದ. ಮಗ ತಟ್ಟೆ ನೋಡಿಕೊಂಡು "ಎದ್ದು ಹೋಗೋದು" ಎನ್ನುತ್ತಿದ್ದ. ಮಗಳು ಏಳನೇ ತರಗತಿ. ಅವಳು ಅಪ್ಪನ ಮಾತಿಗೆ ಉತ್ತರ ಕೊಡುವ ವಯಸ್ಸನ್ನು ದಾಟಿ, ಬೇಸರದಿಂದ ಕಣ್ಣು ಮೇಲೆತ್ತುವ ವಯಸ್ಸಿಗೆ ಬಂದಿದ್ದಳು. ಇವರ ಜೊತೆಗೆ ಅತ್ತೆ, ಅಂದರೆ ಗಂಡನ ತಾಯಿ. ಮಾತು ಕಡಿಮೆ, ಮೊಣಕಾಲು ನೋವು ಜಾಸ್ತಿ.

ಕಾರು ಓಡಿಸಲು ಕಲಿತ ಸಂಗತಿಯನ್ನೇ ನೋಡಿ. ಮಗ ಹುಟ್ಟಿದ ವರ್ಷ ಕನ್ನಡಕದಕ್ಕನಿಗೆ ಒಂದು ಆಸೆ ಹತ್ತಿತು. ಕಾರಿನಲ್ಲಿ ಒಬ್ಬಳೇ ಕೂತು, ಕಿಟಕಿ ಇಳಿಸಿ, ಊರಾಚೆಯ ಹೆದ್ದಾರಿಯವರೆಗೆ ಹೋಗಿ ಬರಬೇಕು. ಅಲ್ಲಿ ಹೋಗಿ ಮಾಡುವಂಥದ್ದೇನೂ ಇರಲಿಲ್ಲ. ಮಗುವನ್ನು ಮಲಗಿಸಿ, ಅಡುಗೆ ಮುಗಿಸಿ, ಉಳಿದ ಚೂರುಪಾರು ಹೊತ್ತಿನಲ್ಲಿ ಕಲಿತು, ಮೊದಲ ಸಲಕ್ಕೇ ಲೈಸೆನ್ಸು ತಂದಳು. ಗಂಡ ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ಬಂದ. ಮಾರನೆಯ ದಿನದಿಂದ ಕಾರಿನ ಕೀಲಿ ಅವಳ ಕೈಗೆ ಬಂತು, ಅವನು ಕಾರ್ಖಾನೆಯ ಬಸ್ಸು ಹತ್ತಿದ. ಮಕ್ಕಳನ್ನು ಶಾಲೆಗೆ ಬಿಡುವುದು, ಅತ್ತೆಯನ್ನು ಮೊಣಕಾಲಿನ ವ್ಯಾಯಾಮಕ್ಕೆ ಕರೆದೊಯ್ಯುವುದು, ನಾದಿನಿಯನ್ನು ರೈಲಿಗೆ ಮುಟ್ಟಿಸುವುದು, ಪಕ್ಕದ ಮನೆಯವರ ಕೆಟ್ಟ ಮಿಕ್ಸಿಯನ್ನು ರಿಪೇರಿಯವನ ಹತ್ತಿರ ಕೊಟ್ಟು ಬರುವುದು, ಎಲ್ಲಕ್ಕೂ "ಹೇಗೂ ನಿಂಗೆ ಡ್ರೈವಿಂಗ್ ಬರುತ್ತಲ್ಲ" ಎಂಬ ಒಂದೇ ಮಾತು. ಆ ಕಾರಿನಲ್ಲಿ ಆಕೆ ಒಬ್ಬಳೇ ಇರುತ್ತಿದ್ದದ್ದು ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಹತ್ತಿಸಿಕೊಳ್ಳುವ ನಡುವೆ ಮಾತ್ರ. ಹೆದ್ದಾರಿಯನ್ನು ಆಕೆ ಇವತ್ತಿಗೂ ನೋಡಿಲ್ಲ.

ಕೇಕು ಮಾಡಲು ಕಲಿತದ್ದೂ ಹಾಗೆಯೇ. ಬೇಯುತ್ತಿರುವ ಕೇಕಿನ ವಾಸನೆ ಮನೆ ತುಂಬಿದಾಗ ಕಿಟಕಿಯ ಬಳಿ ಚಹಾ ಹಿಡಿದು ಕೂತಿರಬೇಕು ಎಂಬುದು ಆಕೆಯ ಲೆಕ್ಕ. ಕಲಿತಾದ ಮೇಲೆ ಓಣಿಯ ಹುಟ್ಟುಹಬ್ಬಗಳೆಲ್ಲ ಆಕೆಯ ತಲೆಗೆ ಬಂದವು. ಕ್ರೀಮಿನ ಮೇಲೆ ಬೇರೆಯವರ ಮಕ್ಕಳ ಹೆಸರು ಬರೆದು ಬರೆದು ಆಕೆಯ ಕೈಬರಹವೇ ದುಂಡಗಾಗಿಹೋಯಿತು. ಅಂಗಡಿಯ ರಸೀದಿ ನೋಡಿದ ಯಜಮಾನರು "ಏನಮ್ಮ, ಅಕ್ಷರ ಎಲ್ಲ ಉಬ್ಬಿಕೊಂಡಿದೆ" ಎಂದರು.

ಹೀಗೆ ಆಕೆಯ ಒಂದೊಂದು ಗುರಿಯೂ ಕೈಗೆ ಸಿಕ್ಕ ಗಳಿಗೆಯಲ್ಲೇ ಆಕೆಯದಾಗಿ ಉಳಿಯದೆ, ಮನೆಯ ಪಾತ್ರೆಪಗಡದಂತೆ ಎಲ್ಲರದೂ ಆಗುತ್ತಿತ್ತು. ಯಾರನ್ನೂ ದೂರುವ ಹಾಗಿರಲಿಲ್ಲ. ಯಾರೂ ಕಿತ್ತುಕೊಂಡಿರಲಿಲ್ಲ, ಎಲ್ಲರೂ ಹೊಗಳಿಯೇ ತೆಗೆದುಕೊಂಡಿದ್ದರು.

ಈಜಿನ ವಿಷಯ ಬಂದದ್ದು ಅಂಗಡಿಗೆ ಬಂದ ಒಬ್ಬ ಗಿರಾಕಿಯಿಂದ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ರೈಲು ಎಷ್ಟು ತಡ ಎಂದು ಕೂಗಿ ನಿವೃತ್ತಳಾದ ಹೆಂಗಸು ಆಕೆ. ಈಜುವಾಗ ಹಾಕುವ ಕನ್ನಡಕಕ್ಕೆ ತನ್ನ ನಂಬರಿನ ಗಾಜು ಕೂರಿಸಿ ಕೊಡಿ ಎಂದು ಕೇಳಿದಳು.

"ನೀರೊಳಗೆ ಅಷ್ಟು ಚೆನ್ನಾಗಿ ಕಾಣಬೇಕಾ? ಅಲ್ಲೇನಿದೆ ನೋಡೋಕೆ?" ಎಂದಳು ಕನ್ನಡಕದಕ್ಕ.

"ಏನೂ ಇಲ್ಲ. ಅದನ್ನೇ ನೋಡೋಕೆ ಹೋಗೋದು" ಎಂದಳು ಆಕೆ. "ತಲೆ ಮುಳುಗಿಸಿದ್ರೆ ಯಾರು ಕರೆದ್ರೂ ಕೇಳಿಸಲ್ಲ. ಕೇಳಿಸಿಲ್ಲ ಅಂದ್ರೆ ಯಾರೂ ತಪ್ಪು ತಿಳಿಯೋ ಹಾಗೂ ಇಲ್ಲ."

ಆ ಮಾತು ಕನ್ನಡಕದಕ್ಕನ ಕಿವಿಯಲ್ಲಿ ಹೊಕ್ಕು ಕೂತಿತು. ಕೆಲವು ದಿನ ಸುಮ್ಮನಿದ್ದು, ಒಂದು ಸಂಜೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಬಾಯಿ ಬಿಟ್ಟಳು. "ನಾನು ಈಜು ಕಲೀಬೇಕು ಅಂತಿದ್ದೀನಿ. ಕೊಳದಲ್ಲಿ ಹೆಂಗಸರಿಗೆ ಅಂತಲೇ ಬೇರೆ ಹೊತ್ತು ಇದೆಯಂತೆ. ಬುಧವಾರ, ಶನಿವಾರ, ಒಂದೊಂದು ಗಂಟೆ."

ವಾರಕ್ಕೆರಡು ಸಂಜೆ ಸುಮ್ಮನೆ ಎಲ್ಲಾದರೂ ಕೂತು ಬರುತ್ತೇನೆ ಎಂದಿದ್ದರೆ ಆ ಮನೆಯಲ್ಲಿ ಎಲ್ಲರೂ ಗಾಬರಿಯಾಗುತ್ತಿದ್ದರು, ಮೈಗೆ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಇದು ಗುರಿ. ಗಂಡನ ಮುಖ ಅರಳಿತು.

"ಭೇಷ್. ಎಷ್ಟು ದಿನದಲ್ಲಿ?"

"ಮೂರು ತಿಂಗಳಲ್ಲಿ ಬರುತ್ತಂತೆ."

"ಆಯ್ತು. ಆ ಎರಡು ಸಂಜೆ ಮಕ್ಕಳನ್ನ ನಾನು ನೋಡ್ಕೋತೀನಿ. ನೀನು ಹಿಂದೆ ತಿರುಗಿ ನೋಡಬೇಡ."

ಮಾತಿಗೆ ತಪ್ಪಲಿಲ್ಲ ಆತ. ಬುಧವಾರ, ಶನಿವಾರ ಬೇಗ ಬಂದು, ಮಗನ ಲೆಕ್ಕ ನೋಡಿ, ಬ್ರೆಡ್ಡು ಮೊಟ್ಟೆ ಮಾಡಿ ಹಾಕಿ, ಬಾಣಲೆಯನ್ನು ನೆನೆಸಲು ಇಡುತ್ತಿದ್ದ. ತೊಳೆಯುತ್ತಿರಲಿಲ್ಲ, ಅದು ಆತನ ಗುರಿಯಲ್ಲಿ ಸೇರಿರಲಿಲ್ಲ.

ಕೊಳದಲ್ಲಿ ಕಲಿಸುತ್ತಿದ್ದವರು ಐವತ್ತು ದಾಟಿದ ಗಟ್ಟಿ ಹೆಂಗಸು. ಕೊರಳಲ್ಲಿ ಸದಾ ಒಂದು ಸೀಟಿ. ಮಾತಿಗಿಂತ ಸೀಟಿಯಲ್ಲೇ ಹೆಚ್ಚು ಹೇಳುತ್ತಿದ್ದರಿಂದ ಅವರಿಗೆ ಸೀಟಿ ಟೀಚರ್ ಎಂದೇ ಹೆಸರು. ಮೊದಲ ದಿನ ಕನ್ನಡಕ ಕಳಚಿ ನೀರಿಗಿಳಿದ ಕನ್ನಡಕದಕ್ಕನಿಗೆ ಕಂಡದ್ದು ನೀಲಿಯ ಒಂದು ಬಯಲು, ಅದರಾಚೆ ಸೀಟಿ ಊದುವ ಒಂದು ಮಬ್ಬು ಕಂಬ. ಆಕೆ ಗೋಡೆಯ ಕಂಬಿಯನ್ನು ಅವಚಿಕೊಂಡು ನಿಂತಳು.

"ಕಂಬಿ ಬಿಡಿ" ಎಂದರು ಟೀಚರ್.

"ಬಿಟ್ಟರೆ ಮುಳುಗ್ತೀನಿ."

"ನೀರು ಸೊಂಟದ ತನಕ ಇದೆ ಕಣಮ್ಮ. ಇದರಲ್ಲಿ ಮುಳುಗಬೇಕಾದ್ರೂ ಬಹಳ ಪ್ರಯತ್ನ ಪಡಬೇಕು."

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದುಕೊಂಡು ಆಕೆ ಕೈ ಬಿಟ್ಟಳು. ಮೂಗಿಗೆ ನೀರು ಹೋಯಿತು, ಕಿವಿ ಗುಂಯ್ ಎಂದಿತು, ಕಾಲು ಎತ್ತಲೋ ಹೋಯಿತು. ಮುಂದಿನ ವಾರಗಳಲ್ಲಿ ಕೊಳದ ಅರ್ಧ ನೀರನ್ನು ತಾನೇ ಕುಡಿದಿರಬೇಕು ಎನ್ನಿಸುತ್ತಿತ್ತು. ಆದರೆ ಒಂದು ಶನಿವಾರ ಅಂಗಾತ ಮಲಗಿ, ಕಿವಿಗಳೆರಡೂ ನೀರಲ್ಲಿ ಮುಳುಗಿ, ತೇಲಿದಳು. ಸೀಟಿ ಬಹುದೂರದಿಂದ ಕೇಳಿಸಿತು, ಬೇರೆ ಯಾರಿಗೋ ಊದಿದ ಹಾಗೆ. ಮೇಲೆ ತಗಡಿನ ಸೂರು, ಅದರ ಸಂದಿನಲ್ಲಿ ಬೆಳಕಿನ ಒಂದು ಗೆರೆ. ಅಮ್ಮಾ ಎಂದು ಕೂಗುವವರಿಲ್ಲ, ಏನೇ ಎಂದು ಕರೆಯುವವರಿಲ್ಲ, ಅಕ್ಕಾ ಕಡ್ಡಿ ಸಡಿಲ ಆಗಿದೆ ಎನ್ನುವವರಿಲ್ಲ. ಎಷ್ಟು ಹೊತ್ತು ಹಾಗೆ ಇದ್ದಳೋ ಆಕೆಗೇ ತಿಳಿಯಲಿಲ್ಲ. ಟೀಚರ್ ಕಾಲು ಹಿಡಿದು ಜಗ್ಗಿದಾಗ ಕಣ್ಣಲ್ಲಿ ನೀರಿತ್ತು. ಕೊಳದ ನೀರೇ ಎಂದಳು.

ಆಮೇಲೆ ಬೇಗ ಬೇಗ ಬಂತು. ಅಡ್ಡಕ್ಕೆ ದಾಟಿದಳು, ಉದ್ದಕ್ಕೆ ದಾಟಿದಳು. ಆಳದ ಬದಿಯ ಗೋಡೆ ಮುಟ್ಟಿ ತಿರುಗಿ ಬಂದ ಬುಧವಾರ ಟೀಚರ್ ಮೂರು ಸಲ ಸೀಟಿ ಊದಿದರು. ಅದು ಅವರ ಲೆಕ್ಕದಲ್ಲಿ ಚಪ್ಪಾಳೆ.

ಕೂದಲಿನಿಂದ ನೀರು ಸೋರಿಸಿಕೊಂಡೇ ಕಾರು ಹತ್ತಿ, ಮನೆಗೆ ಹೋಗಿ ಹೇಗೆ ಹೇಳಲಿ ಎಂದು ಯೋಚಿಸುತ್ತ ಬಂದಳು. ಬಾಗಿಲು ತೆಗೆದರೆ ಗಂಡ ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದ. ಇವಳನ್ನು ಕಂಡು ಫೋನಿಟ್ಟು ಸಡಗರದಿಂದ ಹೇಳಿದ.

"ಎಲ್ಲಾ ಹೊಂದಿಸಿಬಿಟ್ಟೆ ಕಣೇ. ನಿಂಗೆ ಈಜು ಬಂದ ತಕ್ಷಣ ಬುಧವಾರ ಶನಿವಾರ ನಮ್ಮ ಮಕ್ಕಳಿಗೆ ನೀನೇ ಕಲಿಸಬಹುದು. ತಂಗಿ ತನ್ನ ಎರಡನ್ನೂ ಕಳಿಸ್ತಾಳಂತೆ. ನಮ್ಮ ಮ್ಯಾನೇಜರ್ ಮಗಳೂ ಒಬ್ಬಳಿದಾಳೆ, ನೀರು ಕಂಡ್ರೆ ಅಳ್ತಾಳೆ ಪಾಪ, ಅವಳಿಗೂ ಹೂಂ ಅಂದಿದ್ದೀನಿ. ನೀನು ಕರ್ಕೊಂಡು ಹೋಗಿ, ಕಲಿಸಿ, ವಾಪಸ್ ಬಿಟ್ಟರೆ ಆಯ್ತು. ಹೇಗೂ ಡ್ರೈವಿಂಗ್ ಬರುತ್ತಲ್ಲ." ಒಂದು ಉಸಿರು ತೆಗೆದುಕೊಂಡು ಕೇಳಿದ, "ಅಂದಹಾಗೆ, ಬಂತಾ ಈಜು?"

ಕನ್ನಡಕದಕ್ಕನ ಕನ್ನಡಕಕ್ಕೆ ಒಳಗಿನ ಬಿಸಿ ತಾಗಿ ಮಂಜು ಕವಿದಿತ್ತು. ಅದನ್ನು ತೆಗೆದು ಒರೆಸಿದಳು. ಒರೆಸುತ್ತ, ಎದುರಿನ ಮಬ್ಬು ಆಕಾರಕ್ಕೆ, "ಇನ್ನೂ ಇಲ್ಲ" ಎಂದಳು.

ಹೇಳಿದ ಮೇಲೆ ಆಕೆಗೇ ಬೆರಗಾಯಿತು. ಮದುವೆಯಾದಂದಿನಿಂದ ಗಂಡನಿಗೆ ಆಕೆ ಹೇಳಿದ ಸುಳ್ಳುಗಳೆಂದರೆ ಅಂಗಿ ಚೆನ್ನಾಗಿದೆ, ಹೊಟ್ಟೆ ಬಂದಿಲ್ಲ, ಇಂಥವು.

"ಪರವಾಗಿಲ್ಲ, ಬರುತ್ತೆ ಬಿಡು" ಎಂದು ಆತ ಬೆನ್ನು ತಟ್ಟಿದ.

ಮೂರು ತಿಂಗಳು ಕಳೆಯಿತು. ಆರೂ ಆಯಿತು. ಪ್ರತಿ ಬುಧವಾರ, ಪ್ರತಿ ಶನಿವಾರ ಕನ್ನಡಕದಕ್ಕ ಮೀನಿನ ಹಾಗೆ ಈಜಿ ಬಂದು, ಕಲ್ಲಿನ ಹಾಗೆ ಮುಳುಗಿದ ಕಥೆ ಹೇಳುತ್ತಿದ್ದಳು. ಒಂದು ವಾರ ಉಸಿರು ಸರಿಹೋಗುತ್ತಿಲ್ಲ. ಇನ್ನೊಂದು ವಾರ ಉಸಿರು ಸರಿಹೋಯಿತು, ಕಾಲು ಕೈ ಕೊಟ್ಟಿತು. ಕಾಲು ಸರಿಮಾಡಿಕೊಳ್ಳುವಷ್ಟರಲ್ಲಿ ಉಸಿರು ಮರೆತುಹೋಯಿತು. ಸುಳ್ಳು ಹೇಳುವುದರಲ್ಲೂ ಆಕೆ ತಕ್ಕಮಟ್ಟಿಗೆ ಪಳಗಿದಳು. ಏನೇ ಕಲಿತರೂ ಚೆನ್ನಾಗಿ ಕಲಿಯುವ ಹೆಂಗಸು.

ಗಂಡ ಸುಮ್ಮನೆ ಬಿಡುವ ಆಸಾಮಿಯಲ್ಲ. ಕಾರ್ಖಾನೆಯಲ್ಲಿ ಡಬ್ಬ ಕಡಿಮೆ ಬಂದರೆ ಯಂತ್ರದ ಬಳಿ ಹೋಗಿ ನಿಲ್ಲುವವನು. ಒಂದು ಭಾನುವಾರ ಹಜಾರದ ನಡುವೆ ಉದ್ದನೆಯ ಬೆಂಚು ಎಳೆದು, ಅದರ ಮೇಲೆ ದಿಂಬು ಹಾಕಿ, ಹೆಂಡತಿಯನ್ನು ಕವುಚಿ ಮಲಗಿಸಿದ. ಕೈಯಲ್ಲಿ ಫೋನು, ಅದರಲ್ಲಿ ಯಾರೋ ಈಜು ಹೇಳಿಕೊಡುತ್ತಿದ್ದರು.

"ಕಾಲು ಬಡಿ. ಮೊಣಕಾಲು ಮಡಚಬೇಡ. ಹಾಂ, ಈಗ ಕೈ."

ಮಕ್ಕಳು ಸೋಫಾದ ಮೇಲೆ ಕೂತು ನೋಡುತ್ತಿದ್ದರು. ಕನ್ನಡಕದಕ್ಕ ಬೆಂಚಿನ ಮೇಲೆ ಕೈಕಾಲು ಬಡಿದಳು. ಕಷ್ಟ ಏನೆಂದರೆ ಕಾಲು ತಾನಾಗಿಯೇ ಸರಿಯಾಗಿ ಆಡುತ್ತಿತ್ತು. ಗಮನವಿಟ್ಟು ಅದನ್ನು ತಪ್ಪಾಗಿ ಆಡಿಸಬೇಕಾಗಿತ್ತು. ಹತ್ತು ಸಲ ಕೊಳ ದಾಟಿದರೂ ಆಗದ ಸುಸ್ತು ಆ ಬೆಂಚಿನ ಮೇಲೆ ಆಯಿತು.

"ಅಮ್ಮ ಕಪ್ಪೆ ಥರ ಮಾಡ್ತಾಳೆ" ಎಂದ ಮಗ.

"ಕಪ್ಪೆಗೆ ಈಜು ಬರುತ್ತೆ ಕಣೋ" ಎಂದಳು ಮಗಳು, ಬೇಜಾರಿನಲ್ಲಿ.

ಮೂಲೆಯಲ್ಲಿ ಕೂತ ಅತ್ತೆ ಮೊಣಕಾಲು ನೀವಿಕೊಂಡರು.

ಗುಟ್ಟು ಮೊದಲು ತಿಳಿದದ್ದು ಅತ್ತೆಗೇ. ಅವರ ಮೊಣಕಾಲಿಗೆ ವ್ಯಾಯಾಮ ಮಾಡಿಸುವ ಕ್ಲಿನಿಕ್ಕು ಕೊಳದ ಹಿಂದಿನ ರಸ್ತೆಯಲ್ಲಿತ್ತು. ಮಾಮೂಲಿಗೆ ಅವರ ವಾರ ಬೇರೆ; ಒಂದು ಸಲ ಮಾತ್ರ ಅದು ಬುಧವಾರ ಸಂಜೆಗೆ ಬದಲಾಯಿತು. ಅತ್ತೆಯನ್ನು ಅಲ್ಲಿ ಇಳಿಸಿ, ಈಜು ಮುಗಿಸಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಕನ್ನಡಕದಕ್ಕ ನೀರಿಗಿಳಿದಳು. ಅತ್ತೆಯ ಕೆಲಸ ಬೇಗ ಮುಗಿಯಿತು. ಅವರು ನಿಧಾನಕ್ಕೆ ನಡೆದು ಕೊಳಕ್ಕೇ ಬಂದು, ನೋಡುವವರಿಗೆಂದು ಗಾಜಿನ ಹಿಂದೆ ಹಾಕಿದ್ದ ಕುರ್ಚಿಯಲ್ಲಿ ಕೂತರು. ಆಳದ ಬದಿಯಿಂದ ಈಚೆಗೆ, ಈಚೆಯಿಂದ ಆಚೆಗೆ, ಒಬ್ಬಳು ಎಣ್ಣೆಯಲ್ಲಿ ಬೆರಳಾಡಿಸಿದಷ್ಟು ಸಲೀಸಾಗಿ ಈಜುತ್ತಿದ್ದಳು. ಅವಳು ಮೇಲೆ ಬಂದು, ತಡಕಾಡಿ ಕನ್ನಡಕ ಹುಡುಕಿ ಹಾಕಿಕೊಂಡಾಗ ಗಾಜಿನಾಚೆ ಅತ್ತೆ ಇದ್ದರು.

ಮನೆಗೆ ಹೋಗುವಾಗ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಅತ್ತೆ ಎದುರಿನ ಲಾರಿಯನ್ನೇ ನೋಡುತ್ತ ಹೇಳಿದರು.

"ಇನ್ನೂ ಬಂದಿಲ್ಲ ಅಂತಿದ್ದೆ."

"ಹೌದು ಅತ್ತೆ."

"ಬರದೇ ಇರೋದನ್ನ ಚೆನ್ನಾಗೇ ಮಾಡ್ತೀಯ."

ಕನ್ನಡಕದಕ್ಕ ಕಾರು ಬದಿಗೆ ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಂತು ಎಂದರೆ ಆ ಎರಡು ಗಂಟೆ ಹೋಗುತ್ತದೆ. ಬರಲಿಲ್ಲ ಎನ್ನುವವರೆಗೆ ಇರುತ್ತದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೈಚೀಲದ ದಾರ ಸರಿಮಾಡಿಕೊಂಡು ಹೇಳಿದರು.

"ನನ್ನ ಮೊಣಕಾಲು ವಾಸಿಯಾಗಿ ಎರಡು ವರ್ಷ ಆಯ್ತು."

"ಏನಂದ್ರಿ?"

"ಆ ಹುಡುಗಿ ಬೆಚ್ಚಗೆ ಶಾಖ ಕೊಡ್ತಾಳೆ. ಕಾಲು ಒತ್ತುತ್ತ ನನ್ನ ಹತ್ತಿರ ಅದೂ ಇದೂ ಕೇಳ್ತಾಳೆ. ನಾನು ಹೇಳಿದ್ದನ್ನ ಪೂರ್ತಿ ಕೇಳ್ತಾಳೆ. ಮನೇಲಿ ಮಾತು ಶುರು ಮಾಡಿದ್ರೆ ನಿನ್ನ ಗಂಡ ಮಧ್ಯದಲ್ಲೇ, ವಿಷಯಕ್ಕೆ ಬಾಮ್ಮ ಅಂತಾನೆ. ನಂಗೆ ವಿಷಯ ಏನೂ ಇರಲ್ಲ, ಬರೀ ಮಾತು ಇರುತ್ತೆ."

ಎರಡು ವರ್ಷದಿಂದ ಪ್ರತಿ ವಾರ ಮಧ್ಯಾಹ್ನದ ಊಟ ಬಿಟ್ಟು, ಅಂಗಡಿಯಿಂದ ಓಡಿಬಂದು, ವಾಸಿಯಾದ ಮೊಣಕಾಲನ್ನು ಕ್ಲಿನಿಕ್ಕಿಗೆ ಹೊತ್ತೊಯ್ದವಳು ತಾನು ಎಂಬುದು ಕನ್ನಡಕದಕ್ಕನಿಗೆ ಹೊಳೆಯಿತು. ಸಿಟ್ಟು ಮೂಗಿನ ತುದಿಗೆ ಬಂತು. ಅತ್ತೆಯ ಕಡೆ ತಿರುಗಿದಳು. ಅತ್ತೆ ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆಯ ಹುಡುಗಿಯ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು. ಇವಳಿಗೆ ನಗು ಬಂದುಬಿಟ್ಟಿತು, ಅವರಿಗೂ ಬಂತು. ಅತ್ತೆಸೊಸೆ ಇಬ್ಬರೂ ಒಟ್ಟಿಗೆ ಹಾಗೆ ನಕ್ಕದ್ದು ಬಹುಶಃ ಅದೇ ಮೊದಲು. ಆವತ್ತಿನಿಂದ ಗಂಡ ಈಜಿನ ಮಾತು ತೆಗೆದಾಗಲೆಲ್ಲ ಅತ್ತೆ ಮೂಲೆಯಿಂದ, "ಅವಳ ಮೈ ಹಗುರ ಇಲ್ಲಪ್ಪ, ನಿಧಾನಕ್ಕೆ ಬರುತ್ತೆ, ಬಿಡು" ಎನ್ನತೊಡಗಿದರು. ಮೈ ಹಗುರ ಇಲ್ಲ ಎಂದದ್ದು ಸ್ವಲ್ಪ ಹೆಚ್ಚಾಯಿತು ಎಂದು ಸೊಸೆಗೆ ಅನ್ನಿಸಿದರೂ ಹೊಟ್ಟೆಗೆ ಹಾಕಿಕೊಂಡಳು.

ಎಲ್ಲ ಸುಖವಾಗಿ ನಡೆದಿತ್ತು, ಮಗಳ ಶಾಲೆಯಲ್ಲಿ ಛಲ ಎಂಬ ವಿಷಯದ ಮೇಲೆ ಪ್ರಬಂಧ ಬರೆಸುವವರೆಗೆ. ಬೇರೆ ಮಕ್ಕಳು ಬೆಟ್ಟ ಹತ್ತಿದವರ, ಯುದ್ಧ ಗೆದ್ದವರ ಬಗ್ಗೆ ಬರೆದರು. ಇವಳು ಬರೆದದ್ದು ಅಮ್ಮನ ಬಗ್ಗೆ. ವರ್ಷ ಕಳೆದರೂ ನನ್ನ ಅಮ್ಮನಿಗೆ ಈಜು ಬಂದಿಲ್ಲ, ಮುಂದೆಯೂ ಬರುವ ಲಕ್ಷಣವಿಲ್ಲ, ಆದರೂ ಒಂದು ದಿನವೂ ತಪ್ಪಿಸದೆ ಹೋಗುತ್ತಾಳೆ, ಅವಳು ನಗುತ್ತಲೇ ಹೋಗಿ ನಗುತ್ತಲೇ ಬರುತ್ತಾಳೆ, ಸೋಲನ್ನು ಹೀಗೆ ನಗುತ್ತ ಸ್ವೀಕರಿಸುವವರನ್ನು ನಾನು ಬೇರೆ ಕಂಡಿಲ್ಲ ಎಂದು ಬರೆದಿದ್ದಳು. ಮೊದಲ ಬಹುಮಾನ ಬಂತು. ತಂದೆತಾಯಿಯರ ಸಭೆಯಲ್ಲಿ ಅದನ್ನು ಓದಿಸಿದರು. ಗಂಡ ಮುಂದಿನ ಸಾಲಿನಲ್ಲಿ ಕೂತು ಕರವಸ್ತ್ರ ಹುಡುಕಿದ. ಕನ್ನಡಕದಕ್ಕನ ಕಿವಿ ಕೆಂಪಗಾಯಿತು. ಅದನ್ನು ಎಲ್ಲರೂ ಸಂಕೋಚ ಎಂದುಕೊಂಡರು. ಮುಖ್ಯೋಪಾಧ್ಯಾಯರು "ಛಲದ ಗುಟ್ಟೇನು, ತಾಯಂದಿರಿಗೆ ಎರಡು ಮಾತು ಹೇಳಿ" ಎಂದು ಕರೆದೇಬಿಟ್ಟರು.

ಮೈಕಿನ ಮುಂದೆ ನಿಂತ ಆಕೆ ಸುಳ್ಳು ಹೇಳಬಾರದು ಎಂದು ಗಟ್ಟಿ ಮಾಡಿಕೊಂಡಳು. ಸತ್ಯ ಹೇಳುವಂತೆಯೂ ಇರಲಿಲ್ಲ.

"ಗುರಿ ಮುಟ್ಟೋದು ಅಷ್ಟೇನೂ ಕಷ್ಟ ಅಲ್ಲ" ಎಂದಳು. "ಮುಟ್ಟಿದ ಮೇಲೆ ಅದು ನಮ್ಮ ಕೈಲಿ ಉಳಿಯಲ್ಲ. ಅದಕ್ಕೇ ನಾನು ಅವಸರ ಮಾಡಲ್ಲ. ಮನೇಲಿ ಕೇಳ್ತಾರೆ, ಬಂತಾ ಅಂತ. ಇನ್ನೂ ಇಲ್ಲ ಅಂತೀನಿ. ಹಾಗೆ ಹೇಳೋಕೆ ನಾಚಿಕೆ ಪಡಬಾರದು. ಇನ್ನೂ ಇಲ್ಲ ಅನ್ನೋ ತನಕ ಮುಂದಿನ ಬುಧವಾರ ನಮ್ಮದೇ."

ಗಂಡಸರು ಚಪ್ಪಾಳೆ ತಟ್ಟಿದರು. ಹೆಂಗಸರಲ್ಲಿ ಕೆಲವರು ತಟ್ಟದೆ, ತಲೆ ಓರೆಮಾಡಿ ಆಕೆಯನ್ನೇ ನೋಡಿದರು. ಮುಂದಿನ ವಾರ ಹೆಂಗಸರ ಹೊತ್ತಿಗೆ ಹೊಸದಾಗಿ ಏಳೆಂಟು ಮಂದಿ ತಾಯಂದಿರು ಹೆಸರು ಬರೆಸಿದರು.

ಆದರೆ ಮಗಳು ಬೇರೆಯದನ್ನೇ ತಲೆಗೆ ಹಚ್ಚಿಕೊಂಡಿದ್ದಳು. ತರಗತಿಯ ಒಬ್ಬ ಹುಡುಗ "ನಿಮ್ಮಮ್ಮ ಮುಳುಗೋ ಅಮ್ಮ" ಎಂದು ಆಡಿಕೊಂಡಿದ್ದ. ಶನಿವಾರ ಅಮ್ಮ ಹೊರಟಾಗ ಇವಳೂ ಚೀಲ ಹಿಡಿದು ನಿಂತಳು.

"ನಾನೂ ಬರ್ತೀನಿ. ನಿನ್ನ ಕೈ ಹಿಡ್ಕೋತೀನಿ. ಭಯ ಆದ್ರೆ ನನ್ನ ಕಡೆ ನೋಡು ಸಾಕು."

ಅಷ್ಟು ದಿನ ಹೂವಿನಷ್ಟು ಹಗುರವಾಗಿದ್ದ ಸುಳ್ಳು ಕಾರಿನಲ್ಲಿ ಇಬ್ಬರ ನಡುವೆ ಮೂರನೆಯವರ ಹಾಗೆ ಕೂತುಕೊಂಡು ಬಂತು. ಕೊಳದಲ್ಲಿ ಮಗಳು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಚಳಿಗೆ ನಡುಗುತ್ತ, ಕೈ ಚಾಚಿ "ಬಾ ಅಮ್ಮ" ಎಂದಳು. ಅವಳಿಗೇ ಈಜು ಬರುತ್ತಿರಲಿಲ್ಲ.

ಕನ್ನಡಕದಕ್ಕ ಆ ಕೈಯನ್ನು ಒಮ್ಮೆ ಒತ್ತಿ ಬಿಟ್ಟಳು. ನೀರಿಗೆ ತಲೆಯಿಟ್ಟು ಆಳದ ಬದಿಗೆ ಹೋದಳು, ಗೋಡೆ ಮುಟ್ಟಿದಳು, ತಿರುಗಿ ಬಂದಳು. ಬಂದು ನಿಂತಾಗ ಮಗಳ ಮುಖ ಮಬ್ಬಾಗಿ ಕಂಡಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಆಗಿರಲಿಲ್ಲ.

"ನಾನು ಇಡೀ ಶಾಲೆ ಮುಂದೆ ಓದಿದೆ" ಎಂದಳು ಮಗಳು.

ಎರಡು ದಿನ ಅಮ್ಮನ ಜೊತೆ ಮಾತಿಲ್ಲ. ಮೂರನೆಯ ದಿನ ಶಾಲೆಯಿಂದ ನೇರ ಅಂಗಡಿಗೆ ಬಂದು, ಫ್ರೇಮುಗಳ ಕಪಾಟಿನ ಮುಂದಿನ ಸ್ಟೂಲಿನ ಮೇಲೆ ಕೂತಳು. ಅಂಗಡಿಯಲ್ಲಿ ಆಗ ಗಿರಾಕಿಗಳಿರಲಿಲ್ಲ. ಬಹುಮಾನ ವಾಪಸ್ ಕೊಡಬೇಕೇ ಎಂದು ಕೇಳಿದಳು. ಬೇಡ, ಛಲ ಇದ್ದದ್ದಂತೂ ನಿಜ ಎಂದಳು ಅಮ್ಮ. ಆಮೇಲೆ ಕಾರಿನ ವಿಷಯ, ಕೇಕಿನ ವಿಷಯ, ಅಪ್ಪನ ಮ್ಯಾನೇಜರ ಮಗಳ ವಿಷಯ, ಎಲ್ಲ ಹೇಳಿದಳು. ಮಗಳು ಕೇಳಿಸಿಕೊಂಡು, ಹುಬ್ಬು ಗಂಟಿಕ್ಕಿ ಒಂದೇ ಪ್ರಶ್ನೆ ಕೇಳಿದಳು.

"ನಂಗೆ ಎರಡು ಗಂಟೆ ಬೇಕು ಅಂತ ಅಪ್ಪನಿಗೆ ನೇರವಾಗಿ ಹೇಳೋಕೆ ಆಗಲ್ವಾ?"

ಅದು ಕನ್ನಡಕದಕ್ಕನಿಗೆ ಹೊಳೆದೇ ಇರಲಿಲ್ಲ. ಎಷ್ಟೆಷ್ಟು ಕಷ್ಟದ ದಾರಿಗಳನ್ನು ಕಲಿತ ಆಕೆಗೆ ಈ ಸುಲಭದ ದಾರಿ ಯಾರೂ ಕಲಿಸಿರಲಿಲ್ಲ.

ಆ ಸಂಜೆಯೇ, ಅತ್ತೆ, ಮಕ್ಕಳು ಎಲ್ಲರೂ ಇದ್ದಾಗ, ಆಕೆ ಗಂಡನಿಗೆ ಹೇಳಿದಳು. "ರೀ, ನಂಗೆ ಈಜು ಬರುತ್ತೆ. ಬಂದು ಬಹಳ ದಿನ ಆಯ್ತು."

ಬೈಯಬಹುದು, ಮುಖ ಊದಿಸಬಹುದು ಎಂದು ಕಾದಳು. ಆತ ಎದ್ದು ನಿಂತು ಕೈ ಕುಲುಕಿದ. ಅರ್ಥವಾಗಿರಲಿಲ್ಲ.

"ನಾನು ಹೇಳಿರಲಿಲ್ವಾ, ಬೆಂಚಿನ ಮೇಲೆ ಮಾಡಿದ್ದು ಸುಮ್ಮನೆ ಹೋಗಲ್ಲ ಅಂತ. ಸರಿ, ಈಗ ಮುಂದಿನ ಗುರಿ?"

"ಗುರಿ ಇಲ್ಲ. ಯಾರಿಗೂ ಕಲಿಸಲ್ಲ, ಯಾರನ್ನೂ ಕರ್ಕೊಂಡು ಹೋಗಲ್ಲ. ಆ ಎರಡು ಗಂಟೆ ನಂಗೆ ಸುಮ್ಮನೆ ಬೇಕು. ತೇಲೋಕೆ."

"ತೇಲಿ?"

"ತೇಲಿ, ಮನೆಗೆ ಬರ್ತೀನಿ."

ಆತ ಕೂತ. ಆತನಿಗೆ ಕೋಪ ಬಂದಿರಲಿಲ್ಲ. ಡಬ್ಬವೇ ಹೊರಬಾರದ ಯಂತ್ರವನ್ನು ಯಾಕೆ ಓಡಿಸಬೇಕು ಎಂಬುದು ಪ್ರಾಮಾಣಿಕವಾಗಿ ತಿಳಿಯುತ್ತಿರಲಿಲ್ಲ. ಮಗಳು ಅಪ್ಪನನ್ನೇ ನೋಡುತ್ತಿದ್ದಳು, ಈ ಸಲ ಕಣ್ಣು ಮೇಲೆತ್ತದೆ. ಕೊನೆಗೆ ಆತನ ಮುಖ ತಿಳಿಯಾಯಿತು.

"ಹಾಗನ್ನು ಮತ್ತೆ. ಏನೂ ಗುರಿ ಇಲ್ಲದೆ ಇರೋದು, ಅದೇ ಗುರಿ. ಆಯ್ತು, ಒಳ್ಳೇದೇ. ಎಷ್ಟು ತಿಂಗಳು ಅಂತ ಇಟ್ಕೊಳ್ಳೋಣ?"

"ಜೀವ ಇರೋ ತನಕ" ಎಂದಳು ಕನ್ನಡಕದಕ್ಕ.

"ಉದ್ದ ಆಯ್ತು" ಎಂದ ಆತ. "ಆದ್ರೂ ಮಾಡು, ನೋಡೋಣ." ಆಮೇಲೆ ಆತನ ದೃಷ್ಟಿ ತಾಯಿಯ ಕಡೆಗೆ ಹೊರಳಿತು. ಅತ್ತೆ ತಟ್ಟನೆ ಮೊಣಕಾಲು ಹಿಡಿದುಕೊಂಡು, "ಇವತ್ತು ಯಾಕೋ ಜಾಸ್ತಿ ಎಳೀತಿದೆಯಪ್ಪ" ಎಂದರು.

ಹೀಗೆ ಆ ಮನೆಯ ಮಟ್ಟಿಗೆ ಬುಧವಾರ, ಶನಿವಾರ ಕನ್ನಡಕದಕ್ಕನಿಗೇ ಉಳಿದವು. ಮ್ಯಾನೇಜರ ಮಗಳು ಇವತ್ತಿಗೂ ನೀರು ಕಂಡರೆ ಅಳುತ್ತಾಳಂತೆ. ಆದರೆ ಆಕೆ ಬಯಸಿದ್ದ ಏಕಾಂತ ಮಾತ್ರ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಆಕೆಯ ಭಾಷಣ ಕೇಳಿ ಬಂದ ತಾಯಂದಿರು ತಮ್ಮ ಗೆಳತಿಯರನ್ನು ತಂದರು, ಗೆಳತಿಯರು ನಾದಿನಿಯರನ್ನು ತಂದರು. ಅಂಗಾತ ತೇಲಲು ಹೋದರೆ ಯಾರದೋ ಪಾದ ಕಿವಿಗೆ ತಾಗುತ್ತಿತ್ತು. ಹೆಂಗಸರ ಹೊತ್ತು ಎಂದರೆ ಈಗ ಕೊಳದ ತುಂಬ ತಲೆಗಳು. ಅಷ್ಟು ಮಂದಿಯಲ್ಲಿ ಒಬ್ಬರೂ ಕಲಿಕೆ ಮುಗಿಯಿತು ಎಂದು ಹೆಸರು ತೆಗೆಸಲಿಲ್ಲ.

ವರ್ಷದ ಕೊನೆಗೆ ಕೊಳದ ಆಡಳಿತದವರು ಸೀಟಿ ಟೀಚರನ್ನು ಕರೆಸಿ ಕೇಳಿದರಂತೆ, ಮಕ್ಕಳು ಕಲಿಯುತ್ತಾರೆ, ಗಂಡಸರು ಕಲಿಯುತ್ತಾರೆ, ಹೆಂಗಸರ ಗುಂಪಿನಲ್ಲಿ ಮಾತ್ರ ಒಬ್ಬರಿಗೂ ಬರುತ್ತಿಲ್ಲವಲ್ಲ, ಏನು ಕಲಿಸುತ್ತಿದ್ದೀರಿ ಎಂದು. ಟೀಚರ್ ಕೆಂಡದಂತಾಗಿ ಬಂದು ಆಳದ ಬದಿಯ ಗೋಡೆಯ ಮೇಲೆ ನಿಂತರು.

"ಇಪ್ಪತ್ತು ವರ್ಷ ದುಡಿದ ಹೆಸರು ಕೆಡಿಸಿಬಿಟ್ಟಿರಿ. ನಿಮ್ಮಲ್ಲಿ ಯಾರ್ಯಾರಿಗೆ ಈಜು ಬರುತ್ತೆ? ಕೈ ಎತ್ತಿ."

ಕಾಲು ನೆಲಕ್ಕೆ ತಾಗದ ಆ ಆಳದ ನೀರಿನಲ್ಲಿ, ಕತ್ತು ಮಾತ್ರ ಮೇಲಿಟ್ಟು ನಿರಾಯಾಸವಾಗಿ ನಿಂತಿದ್ದ ಹೆಂಗಸರಲ್ಲಿ ಯಾರೂ ಕೈ ಎತ್ತಲಿಲ್ಲ. ಕನ್ನಡಕದಕ್ಕ ಒಬ್ಬಳೇ ಎತ್ತಿದಳು. ಇನ್ನು ಇವಳ ಬುಧವಾರ ಹೋಯಿತು ಎಂಬ ಹಾಗೆ ಎಲ್ಲರೂ ಅವಳತ್ತ ತಿರುಗಿ ಕರುಣೆಯಿಂದ ನೋಡಿದರು.

ಟೀಚರ್ ಅವರನ್ನೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ದಿಟ್ಟಿಸಿದರು. ಆಮೇಲೆ ಸೀಟಿಯನ್ನು ಬಾಯಿಗಿಟ್ಟುಕೊಂಡು ಊದಿದರು. ಇನ್ನೊಂದು ಸುತ್ತು ಹೋಗಿ ಬನ್ನಿ ಎಂದು ಅದರ ಅರ್ಥ. ಎಲ್ಲರೂ ಹೋದರು.